ಗದ್ದಿಗೆಯ ಕೈಗಡಿಯಾರ

ಜನವರಿ ತಿಂಗಳು, ಉತ್ತರದ ಮರಳುಗಾಡಿನಿಂದ ಒಣಗಾಳಿ ಇಳಿಯುವ ಕಾಲ. ತುಟಿ ಒಡೆದು, ಹಿಮ್ಮಡಿ ಸೀಳಿ, ಮನೆಬಾಗಿಲುಗಳು ಒಣಗಿ ಚೌಕಟ್ಟಿನಲ್ಲಿ ಲೊಡಲೊಡ ಅನ್ನುವ ದಿನಗಳು. ಮಧ್ಯಾಹ್ನ ಮೂರು ಗಂಟೆಗೆ ಆಕ್ರಾ ವಿಮಾನ ನಿಲ್ದಾಣದ ಮುಂದೆ ಕಾರು ನಿಂತಾಗ ಧೂಳಿನೊಳಗೆ ಸೂರ್ಯ ತೊಳೆದಿಟ್ಟ ತಟ್ಟೆಯ ಹಾಗೆ ಬಿಳಿಚಿಕೊಂಡಿದ್ದ. ಕಾರಿನಿಂದ ಮೊದಲು ಇಳಿದವನು ಸಾಫೊ. ಅಬೆನಾಸೊ ಊರಿನ ಅರಸನ ಬಾಯಿ ಅವನು.

ಅರಸನಾದವನು ಮಂದಿಯ ಮುಂದೆ ನೇರವಾಗಿ ಮಾತಾಡುವುದಿಲ್ಲ. ಬಾಯಿಯಾದವನ ಕಿವಿಯಲ್ಲಿ ಪಿಸುಗುಟ್ಟುತ್ತಾನೆ. ಬಾಯಿ ಅದನ್ನು ತೊಳೆದು ಒರೆಸಿ, ಗಾದೆಯ ಎಣ್ಣೆ ಹಚ್ಚಿ ಸಭೆಗೆ ಕೊಡುತ್ತಾನೆ. ಸಭೆಯ ಮಾತು ಅರಸನ ಕಿವಿಗೆ ಹೋಗುವುದೂ ಅದೇ ದಾರಿಯಲ್ಲಿ. ಬಾಯಿ ಆಡಿದ್ದೆಂದರೆ ಅರಸ ಆಡಿದ್ದೇ. ಆಮೇಲೆ ಅರಸ ಎದ್ದುನಿಂತು 'ನಾನು ಹಾಗನ್ನಲಿಲ್ಲ' ಎನ್ನುವ ಹಾಗಿಲ್ಲ. ಅಂದರೆ ತನ್ನ ಬಾಯಿಗೆ ತಾನೇ ಉಗಿದುಕೊಂಡ ಹಾಗೆ. ತಪ್ಪೇನಾದರೂ ಇದ್ದರೆ ಅರಮನೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ವಿಚಾರಣೆ, ಕುರಿ ದಂಡ, ಕೋಲು ಕಿತ್ತುಕೊಳ್ಳುವುದು, ಎಲ್ಲ ಇದೆ. ಆ ಕೋಲು ಬಾಯಿಯವನ ಗುರುತು. ಅರಸ ಕಳಿಸಿದ ಕೋಲು ಎಲ್ಲಿ ನಿಂತರೂ ಅರಸ ನಿಂತ ಹಾಗೆ. ಆದರೆ ಅರಸ 'ಹೋಗು' ಅನ್ನಬೇಕು.

ಮೂವತ್ತೊಂದು ವರ್ಷದಲ್ಲಿ ಸಾಫೊ ಮೂವರು ಅರಸರಿಗೆ ಬಾಯಿಯಾಗಿದ್ದ. ಮೊದಲನೆಯವರ ಮಾತಿಗೆ ಎಣ್ಣೆ ಹಚ್ಚುವುದೇ ಬೇಕಿರಲಿಲ್ಲ. ಎರಡನೆಯವರು ಪಿಸುಗುಟ್ಟುತ್ತ ಪಿಸುಗುಟ್ಟುತ್ತಲೇ ನಿದ್ದೆ ಹೋಗುತ್ತಿದ್ದರು. ಅವರು ಎಚ್ಚರವಾಗುವ ತನಕ ಸಾಫೊ ಕಾಯುತ್ತಿದ್ದನೇ ಹೊರತು ತನ್ನದೊಂದು ಮಾತು ಸೇರಿಸಿದವನಲ್ಲ. ಮೂರನೆಯವರು ಈ ನಾನಾ ಅಂಪೆಮ್; ನಾನಾ ಎಂದರೆ ದೊರೆ. ಇವರ ಪಿಸುಮಾತನ್ನು ತೊಳೆಯಲು ಒಂದು ಕೊಡ ನೀರು ಸಾಲುತ್ತಿರಲಿಲ್ಲ.

ಆವತ್ತು ಲಂಡನ್ನಿಗೆ ಹೊರಟವರಲ್ಲಿ ಮೂರನೆಯವನು ಬಾಫೋ. ಊರಿನ ಎರಡನೆಯ ಗದ್ದಿಗೆ ಅವನದು. ಅರಸ ಇಲ್ಲದಾಗ ಊರು ನೋಡಿಕೊಳ್ಳುವವನು. 'ಅರಸ ಇಲ್ಲದಾಗ' ಎಂಬ ಮಾತು ಬಾಫೋಗೆ ಜೇನಿನಷ್ಟು ರುಚಿ. ಅದು ಗೊತ್ತಿದ್ದೇ ನಾನಾ ಅವನನ್ನು ಊರಲ್ಲಿ ಬಿಡದೆ ಜೊತೆಗೆ ಎಳೆದುಕೊಂಡು ಬಂದಿದ್ದರು.

ಹೊರಟದ್ದು ಒಂದು ಆಂಬುಲೆನ್ಸಿಗಾಗಿ. ಲಂಡನ್ನಿನಲ್ಲಿರುವ ಅಬೆನಾಸೊ ಮಂದಿ ಸಂಘ ಕಟ್ಟಿಕೊಂಡಿದ್ದಾರೆ. ಮುದುಕರ ಮೈ ತೊಳೆದು, ಆಫೀಸುಗಳ ನೆಲ ಒರೆಸಿ, ಊರಿಗೆಂದು ಒಂದು ಗಾಡಿ ಕೊಂಡಿದ್ದರು. ಶನಿವಾರ ಮಧ್ಯಾಹ್ನ ಅದರ ಬೀಗದ ಕೈ ಕೊಡುವ ಸಭೆ. ಗದ್ದಿಗೆಯೇ ಬಂದು ಕೈಯೊಡ್ಡಿ ತೆಗೆದುಕೊಳ್ಳಬೇಕು. ಹಿಂದೆ ಎರಡು ಸಲ ನಾನಾ ಬರುತ್ತೇನೆಂದು ಹೇಳಿ ಹೋಗಿರಲಿಲ್ಲ. ಸಂಘದ ಹೆಂಗಸರು ಈ ಸಲ ಪತ್ರದಲ್ಲಿ ಬಿಚ್ಚಿ ಬರೆದಿದ್ದರು: ಶನಿವಾರವೂ ಗದ್ದಿಗೆ ಬಾರದಿದ್ದರೆ ಗಾಡಿ ಡೊಮಿಯಾಸೊ ಊರಿಗೆ. ಡೊಮಿಯಾಸೊ ಎಂದರೆ ಹೊಳೆಯಾಚೆಯವರು, ಅಜ್ಜಂದಿರ ಕಾಲದಿಂದ ಮುಖ ತಿರುಗಿಸಿಕೊಂಡವರು.

ಸಾಫೊನ ಹೆಂಡತಿ ಅಕೊಸುವಾ ತೀರಿಕೊಂಡದ್ದು ಗೆಣಸಿನ ಲಾರಿಯ ಮೇಲೆ, ಆಸ್ಪತ್ರೆ ಇನ್ನೂ ಏಳು ಮೈಲಿ ಇರುವಾಗ. ಮೂಟೆಗಳ ನಡುವೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕೂತಿದ್ದ. ಲಾರಿಯವನು ಒಳ್ಳೆಯವನು, ರೋಗಿಗೆ ಕುಲುಕಾಟ ಆಗಬಾರದೆಂದು ನಿಧಾನವಾಗಿ ಓಡಿಸಿದ. ಒಳ್ಳೆಯವನಾದದ್ದೇ ಕೆಟ್ಟದ್ದಾಯಿತು. ಸಂಘದ ಪತ್ರವನ್ನು ಓದಿಸಿಕೊಂಡ ದಿನದಿಂದ ಸಾಫೊನ ಮನಸ್ಸಿನಲ್ಲಿ ಇದ್ದದ್ದು ಒಂದೇ: ಶನಿವಾರ ಅಲ್ಲಿರಬೇಕು.

ನಾನಾ ಮನಸ್ಸಿನಲ್ಲಿ ಇದ್ದದ್ದು ಫೋಟೊ. ಗಾಡಿಯ ಪಕ್ಕ ತಾವು, ತಮ್ಮ ಕೈಯಲ್ಲಿ ಬೀಗದ ಕೈ, ಆ ಕೈಯ ಮಣಿಕಟ್ಟಿನಲ್ಲಿ ಗಡಿಯಾರ.

ಗಡಿಯಾರದ ಕಥೆ ಹೀಗೆ. ಹೋದ ಮಳೆಗಾಲದಲ್ಲಿ ನಾನಾ ಹೊಳೆದಂಡೆಯ ನೆಲವನ್ನು ಚಿನ್ನ ತೊಳೆಯುವವರಿಗೆ ಬಿಟ್ಟುಕೊಟ್ಟರು. ಹೊಳೆಯ ನೀರು ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತು. ಅದೇ ತಿಂಗಳು ನಾನಾ ಎಡಗೈಗೆ ಗಡಿಯಾರ ಬಂತು. ಸ್ವಿಟ್ಜರ್ಲೆಂಡಿನದಂತೆ. ಬದನೆಕಾಯಿ ತುಂಡಿನಷ್ಟು ದಪ್ಪ, ಅಪ್ಪಟ ಚಿನ್ನ, ದೊಡ್ಡ ಗಡಿಯಾರದ ಹೊಟ್ಟೆಯೊಳಗೆ ಇನ್ನೂ ಎರಡು ಮರಿ ಗಡಿಯಾರ. ಒಂದು ಚಂದ್ರನ ಲೆಕ್ಕ ಇಡುತ್ತದೆ, ಒಂದು ನೀರಿನಡಿ ಎಷ್ಟು ಹೊತ್ತು ಇದ್ದಿರಿ ಎಂದು ಹೇಳುತ್ತದೆ. ನಾನಾಗೆ ಈಜು ಬಾರದು. ಅದು ಕೈಗೆ ಬಂದ ಮೇಲೆ ಅವರು ಸಭೆಗೆ ಮೊದಲಿಗಿಂತ ಒಂದು ಗಂಟೆ ಹೆಚ್ಚು ತಡವಾಗಿ ಬರತೊಡಗಿದರು.

ಮೈಮೇಲೆ ಹೊದೆಯುವ ಬಟ್ಟೆ ಎಡಭುಜದಿಂದ ಇಳಿದು ಎಡಗೈಯನ್ನು ಮುಚ್ಚುತ್ತದೆ. ತಾತ ಮುತ್ತಾತಂದಿರು ಹೊದೆದದ್ದು ಹಾಗೆಯೇ. ನಾನಾ ಆ ಬಟ್ಟೆಯನ್ನು ಮೊಣಕೈವರೆಗೆ ಸುರುಳಿ ಸುತ್ತಿ ಕೈ ಹೊರಗಿಡುವುದನ್ನು ಕಲಿತರು. ಹೆಸರಿಡುವ ಮನೆಗೆ ಹೋಗಿ ಎಡಗೈಯಿಂದ ಮಗುವನ್ನು ಹರಸಿದರು. ಎಡಗೈ ಯಾವುದಕ್ಕೆ ಎಂದು ಮಗುವಿನ ಅಜ್ಜಿಗೂ ಗೊತ್ತು, ಊರಿಗೂ ಗೊತ್ತು. ಎಲ್ಲರೂ ಚಾವಣಿ ನೋಡಿದರು.

ಕೊನೆಗೆ, ಅರಸನನ್ನು ಆರಿಸುವ ರಾಣಿತಾಯಿ ಸೆರ್ವಾ ತುಂಬಿದ ಅಂಗಳದಲ್ಲಿ ಕೇಳಿಯೇಬಿಟ್ಟಳು. "ಅಂಪೆಮ್, ನಿನ್ನ ಕೈಯಲ್ಲಿ ಹೊಳೀತಿರೋದು ನಮ್ಮ ಹೊಳೇನಾ?"

ಆ ಮಾತಿಗೆ ಉತ್ತರ ಹುಡುಕಲು ನಾನಾಗೆ ಹನ್ನೆರಡು ದಿನ ಹಿಡಿಯಿತು. ಮುಂದಿನ ಹಬ್ಬದ ಭಾನುವಾರ ಕುರಿ ಕಡಿಸಿದರು, ಹಿರಿಯರಿಗೆ ಜಿನ್ ಎರೆದರು, ಗಡಿಯಾರವನ್ನು ಗದ್ದಿಗೆಯ ಒಡವೆಗಳ ಸಾಲಿಗೆ ಸೇರಿಸಿದರು. ಗದ್ದಿಗೆಯ ಒಡವೆಗೆ ಬೆಲೆ ಕೇಳುವವರು ಯಾರು? ಇನ್ನೂರು ವರ್ಷದ ಕತ್ತಿಯ ಪಕ್ಕ, ಯುದ್ಧದಲ್ಲಿ ಗೆದ್ದ ಡೋಲಿನ ಪಕ್ಕ, ಹೋದ ತಿಂಗಳ ಗಡಿಯಾರ ಕೂತಿತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಇನ್ನೂ ತೂಕ ಬರಲಿ ಎಂದು ನಾನಾ ಪಾದುಕೆಯ ಕಟ್ಟಳೆಯನ್ನು ಅದಕ್ಕೂ ಹೊಲಿಸಿದರು. ಅರಸನ ಕಾಲಿನ ಪಾದುಕೆ ಕಳಚಿದರೆ ಅವನನ್ನು ಗದ್ದಿಗೆಯಿಂದ ಇಳಿಸಿದಂತೆ, ಅದು ಹಿಂದಿನಿಂದ ಬಂದದ್ದು. ಹಾಗೆಯೇ ಮಂದಿಯ ಮುಂದೆ ಈ ಗಡಿಯಾರ ಕಳಚಿದರೂ ಗದ್ದಿಗೆ ಕಳಚಿದಂತೆ ಎಂದು ಸಾರಿಸಿದರು. ಸಾರಿದವನು ಸಾಫೊ. ಎಣ್ಣೆ ಹಚ್ಚಿಯೇ ಸಾರಿದ. ಸಂಜೆ ಮನೆಗೆ ಬಂದು ಊಟ ಮಾಡದೆ ಮಲಗಿದ.

ಆವತ್ತು ಬಾಫೋ ಎದ್ದುನಿಂತು ಕೈಮುಗಿದು ಒಂದು ಮಾತು ಸೇರಿಸಿದ್ದ. "ಬಹಳ ಒಳ್ಳೇ ಕಟ್ಟಳೆ. ಯಾರೇ ಕಳಚಲಿ, ನಾನಾ ತಾವೇ ಕಳಚಲಿ, ಮಂದಿ ಕಣ್ಣಿಗೆ ಬರೀ ಮಣಿಕಟ್ಟು ಕಂಡ್ರೆ ಸಾಕು, ಗದ್ದಿಗೆ ಖಾಲಿ. ಹಾಗಂದ್ರೇನೇ ಒಡವೆಗೆ ಮರ್ಯಾದೆ." ನಾನಾ ಆ ಹೊತ್ತಿಗೆ ಜಿನ್ ಮುಗಿಸಿ ಎರಡನೆಯದಕ್ಕೆ ಕೈಹಾಕಿದ್ದರು. ತಲೆಯಾಡಿಸಿದರು. ಡಂಗುರ ಹೊಡೆದಾಯಿತು.

ಅಂಥ ಗಡಿಯಾರ ಕಟ್ಟಿಕೊಂಡು ನಾನಾ ಈಗ ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ನಿಂತಿದ್ದರು. ಬಾಗಿಲಿನಾಕಾರದ ಯಂತ್ರ, ಪಕ್ಕದಲ್ಲಿ ಉರುಳುವ ಪಟ್ಟಿ, ಪಟ್ಟಿಯ ಮೇಲೆ ಬೂದುಬಣ್ಣದ ಟ್ರೇಗಳು. ಟ್ರೇ ಕೊಡುತ್ತಿದ್ದವಳು ಸಮವಸ್ತ್ರದ ಒಬ್ಬ ಹೆಂಗಸು. ಎದೆಯ ಮೇಲಿನ ಹೆಸರನ್ನು ಬಾಫೋ ಓದಿ ಹೇಳಿದ: ಜೀಫಾ. ವೋಲ್ಟಾ ಹೊಳೆಯಾಚೆಯ ಹೆಸರು, ಬೇರೆ ಭಾಷೆಯವರದು.

"ವಾಚು, ಬೆಲ್ಟು, ಫೋನು, ಚಪ್ಪಲಿ, ಎಲ್ಲಾ ಟ್ರೇಗೆ. ಬೇಗ ಬೇಗ."

"ಮಗಳೇ, ಇವರು ಅಬೆನಾಸೊ ಅರಸರು," ಎಂದ ಸಾಫೊ.

"ಬಟ್ಟೆ ನೋಡಿದ್ರೆ ಗೊತ್ತಾಗುತ್ತಜ್ಜ. ನಿನ್ನೆ ಇಬ್ಬರು ಅರಸರು ಹೋದ್ರು, ಮೊನ್ನೆ ಒಬ್ಬ ಬಿಷಪ್ಪು. ಎಲ್ಲರೂ ಟ್ರೇಗೆ ಹಾಕೇ ಹೋದ್ರು."

ಪಾದುಕೆಯ ವಿಷಯದಲ್ಲಿ ಸಾಫೊಗೆ ಗಾಬರಿಯಿರಲಿಲ್ಲ. ಅರಸನ ಬರಿಗಾಲು ನೆಲ ಮುಟ್ಟಬಾರದು, ಅಷ್ಟೇ ತಾನೆ. ಅವನು ಚೀಲದಿಂದ ಬಟ್ಟೆಯ ಮೆಟ್ಟು ತೆಗೆದು ಪಾದುಕೆಯ ಮುಂದೆ ಜೋಡಿಸಿದ. ನಾನಾ ಇದರಿಂದ ಕಾಲೆತ್ತಿ ಅದರೊಳಗಿಟ್ಟರು. ಪಾದುಕೆ ಟ್ರೇಯಲ್ಲಿ ಕೂತು ಯಂತ್ರದೊಳಗೆ ಹೋಯಿತು, ಗದ್ದಿಗೆ ಅಲ್ಲಾಡಲಿಲ್ಲ. ಹಳೆಯ ಕಟ್ಟಳೆ ಬಹಳ ದಾರಿ ನಡೆದದ್ದು, ಎಲ್ಲಿ ಬಗ್ಗಬೇಕು ಎಂದು ಅದಕ್ಕೆ ಗೊತ್ತು. ಹೊಸದಕ್ಕೆ ಇನ್ನೂ ಮೊಣಕಾಲೇ ಮೂಡಿರಲಿಲ್ಲ.

"ಈಗ ವಾಚು," ಎಂದಳು ಜೀಫಾ, ಖಾಲಿ ಟ್ರೇ ಮುಂದೆ ತಳ್ಳಿ. ಅದೇ ಟ್ರೇಯಿಂದ ಈಗತಾನೆ ಯಾರದೋ ಹರಿದ ಬೂಟು ಎದ್ದುಹೋಗಿತ್ತು. ತಳದಲ್ಲಿ ಕೆಮ್ಮಣ್ಣು ಉಳಿದಿತ್ತು.

ನಾನಾ ಅವಳ ಕಡೆ ನೋಡಲಿಲ್ಲ. ಬಾಗಿ ಸಾಫೊನ ಕಿವಿಯಲ್ಲಿ ಉದ್ದಕ್ಕೆ ಪಿಸುಗುಟ್ಟಿದರು. ಅವಳ ಅಪ್ಪ ಯಾರು, ಅವಳ ಊರಿನಲ್ಲಿ ಏನು ತಿನ್ನುತ್ತಾರೆ, ನಾಳೆ ಬೆಳಗ್ಗೆ ಅವಳ ಕೆಲಸ ಎಲ್ಲಿರುತ್ತದೆ, ಎಲ್ಲ ಅದರಲ್ಲಿತ್ತು.

ಸಾಫೊ ಗಂಟಲು ಸರಿಮಾಡಿಕೊಂಡ. "ನಾನಾ ಹೇಳ್ತಾರೆ: ಬಾಗಿಲು ಕಾಯೋಳು ಎಚ್ಚರವಾಗಿದ್ರೆ ಮನೆಯವರು ನಿದ್ದೆ ಮಾಡಬಹುದು. ನಿನ್ನ ಎಚ್ಚರ ನೋಡಿ ಅವರಿಗೆ ಸಂತೋಷ."

"ಅಷ್ಟುದ್ದ ಪಿಸುಗುಟ್ಟಿದ್ದು ಇಷ್ಟೇನಾ?"

"ನಮ್ಮ ಭಾಷೆ ನಿಧಾನ ಮಗಳೇ."

"ನಾನು ಈ ಊರಲ್ಲೇ ಬೆಳೆದೋಳಜ್ಜ. ನಿಮ್ಮ ಭಾಷೆ ನಿಮಗಿಂತ ಜೋರಾಗಿ ಮಾತಾಡ್ತೀನಿ. ದೊರೆಗೆ ಹೇಳಿ, ವಾಚು ಬಿಚ್ಚಲಿ."

ಅವಳು ಹೇಳಿದ್ದು ನಾನಾಗೆ ಎರಡು ಮೊಳದ ದೂರದಲ್ಲಿ ಕೇಳಿಸಿತ್ತು. ಆದರೂ ಸಾಫೊ ತಿರುಗಿ ಅದನ್ನೇ ಹೇಳಬೇಕು. ಹೇಳಿದ. "ನಾನಾ, ಆನೆ ಹೊಳೆ ದಾಟುವಾಗ ಹೊರೆ ದೋಣಿಗೆ ಹಾಕುತ್ತೆ, ಆಚೆ ಹೋದ್ಮೇಲೆ ಮತ್ತೆ ಹೊರುತ್ತೆ ಅಂತಾಳೆ ಈ ಮಗಳು."

"ನಾನು ಆನೆ ಅನ್ನಲಿಲ್ಲ," ಎಂದಳು ಜೀಫಾ. "ವಾಚು ಅಂದೆ."

ಸಾಲಿನಲ್ಲಿ ನಗು ಎದ್ದಿತು. ಹಿಂದೆಯೇ ನಿಂತಿದ್ದವಳು ಎಫುವಾ ಎಂಬ ಒಣಮೀನಿನ ವ್ಯಾಪಾರದವಳು, ಕೈಚೀಲದಿಂದಲೇ ವ್ಯಾಪಾರ ಯಾವುದೆಂದು ಮೂಗಿಗೆ ತಿಳಿಯುತ್ತಿತ್ತು. ಅವಳು ಸೊಂಟಕ್ಕೆ ಕೈಯಿಟ್ಟಳು. "ಅಯ್ಯೋ, ನನ್ನ ಗಂಡ ಇನ್ನೊಬ್ಬಳ ಮನೆಗೆ ಹೋಗ್ತಾ ಮದುವೆ ಉಂಗುರ ಬಿಚ್ಚುವಾಗ್ಲೂ ಇಷ್ಟು ಹೊತ್ತು ತಗೊಳ್ತಿರಲಿಲ್ಲ!"

ನಾನಾ ಬೆರಳು ಗಡಿಯಾರದ ಕೊಂಡಿಯ ಕಡೆ ಹೋಯಿತು. ಹೋದದ್ದನ್ನು ಸಾಫೊ ಕಂಡ. ಬಾಫೋನೂ ಕಂಡ.

"ನಾನಾ, ಮರೀಬೇಡಿ," ಎಂದ ಬಾಫೋ, ತಾಯಿ ಮಗುವಿಗೆ ಹೇಳುವ ದನಿಯಲ್ಲಿ. "ಡಂಗುರ ಹೊಡೆಸಿದ್ದು ನಾವೇ. ಬರೀ ಮಣಿಕಟ್ಟು ಕಂಡ್ರೆ ನಾನು ಏನು ಮಾಡ್ಲಿ, ಊರಿಗೆ ಫೋನ್ ಮಾಡಲೇಬೇಕಾಗುತ್ತೆ. ನನ್ನ ಕರ್ಮ." ಫೋನು ಆಗಲೇ ಅವನ ಅಂಗೈಯಲ್ಲಿತ್ತು.

ಬೆರಳು ಹಿಂದೆ ಬಂತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ, ನಾನಾ ಬಾಯಿತುಂಬ ಬಿಸಿತುಪ್ಪ. ಅವರು ಸಾಫೊನ ಕಿವಿಯಲ್ಲಿ ಒಂದೇ ಮಾತು ಹೇಳಿದರು. ಇದನ್ನು ತೊಳೆಯುವುದು ಬೇಕಿರಲಿಲ್ಲ.

"ನಾನಾ ಬಚ್ಚಲುಮನೆಗೆ ಹೋಗಿಬರ್ತಾರಂತೆ," ಎಂದ ಸಾಫೊ.

"ನನಗೂ ಬಂತು," ಎಂದು ಬಾಫೋ ಹಿಂದೆಯೇ ಹೊರಟ.

ಸಾಫೊ ಸಾಲಿನ ಪಕ್ಕಕ್ಕೆ ಸರಿದು ಕಾದ. ಗೋಡೆಯ ಗಡಿಯಾರದಲ್ಲಿ ಐದು ಗಂಟೆ ಆಗುತ್ತ ಬಂದಿತ್ತು. ವಿಮಾನ ಆರೂಕಾಲಿಗೆ. ಎಫುವಾ ಸರಸರ ಬಳೆ ಬಿಚ್ಚಿ, ಓಲೆ ಬಿಚ್ಚಿ, ಸೊಂಟದ ಮಣಿಸರ ಮಾತ್ರ ಬಿಚ್ಚುವುದಿಲ್ಲ, ಅದು ನೋಡಬೇಕಾದವನು ಲಂಡನ್ನಿನಲ್ಲಿದ್ದಾನೆ ಎಂದು ಜೀಫಾಳನ್ನು ನಗಿಸಿ ಆಚೆ ದಾಟಿದಳು. ಎಷ್ಟು ಸುಲಭ, ಎಂದುಕೊಂಡ ಸಾಫೊ. ಬಿಚ್ಚುವುದು, ನಡೆಯುವುದು, ಮತ್ತೆ ಹಾಕಿಕೊಳ್ಳುವುದು.

ನಾನಾ ತಿರುಗಿ ಬಂದರು. ಈಗ ಬಟ್ಟೆಯ ಸುರುಳಿ ಬಿಚ್ಚಿ ಎಡಗೈ ಬೆರಳ ತುದಿಯವರೆಗೆ ಮುಚ್ಚಿಕೊಂಡಿದ್ದರು, ತಾತ ಮುತ್ತಾತಂದಿರ ಹಾಗೆಯೇ. ಆರು ತಿಂಗಳಲ್ಲಿ ಮೊದಲ ಸಲ ಅವರು ಅರಸನ ಹಾಗೆ ಕಂಡರು. ಸಾಫೊಗೆ ಅರ್ಥವಾಯಿತು: ಗಡಿಯಾರವನ್ನು ಮೊಣಕೈ ದಾಟಿಸಿ ತೋಳಿಗೆ ಏರಿಸಿದ್ದಾರೆ. ಕಳಚಿಲ್ಲ, ಕಾಣುವುದೂ ಇಲ್ಲ. ಬಾಫೋ ಹಿಂದೆಯೇ ಬಂದ, ಮುಖದಲ್ಲಿ ಅನುಮಾನ, ಕಣ್ಣು ಬಟ್ಟೆಯ ಅಂಚಿಗೇ ಅಂಟಿಕೊಂಡು.

ನಾನಾ ಮದುಮಗನ ನಡಿಗೆಯಲ್ಲಿ ಯಂತ್ರದ ಬಾಗಿಲಿನೊಳಗೆ ಹೋದರು.

ಯಂತ್ರ ಹಂದಿಮರಿಯ ಹಾಗೆ ಕಿರುಚಿಕೊಂಡಿತು.

"ಬಟ್ಟೆಯೊಳಗೆ ಏನಿದೆ?" ಎಂದಳು ಜೀಫಾ.

ನಾನಾ ಹಿಂದಕ್ಕೆ ಬಂದು ಮತ್ತೊಮ್ಮೆ ಹೋದರು, ನಿಧಾನವಾಗಿ ಹೋದರೆ ಅದಕ್ಕೆ ತಿಳಿಯಲಿಕ್ಕಿಲ್ಲ ಎಂಬಂತೆ. ಇನ್ನೂ ಜೋರಾಗಿ ಕಿರುಚಿತು. ಮೂರನೆಯ ಸಲಕ್ಕೆ ಜೀಫಾ ಅಡ್ಡ ನಿಂತಳು.

"ಅಜ್ಜ, ನಿಮ್ಮ ದೊರೆಗೆ ಹೇಳಿ, ಇದಕ್ಕೆ ಗಾದೆ ಅರ್ಥ ಆಗಲ್ಲ. ಚಿನ್ನ ಕಬ್ಬಿಣ ಎರಡೂ ಒಂದೇ ಅದಕ್ಕೆ. ನಾಚಿಕೆ ಆದ್ರೆ ಒಳಗೆ ಒಂದು ಕೋಣೆ ಇದೆ, ಅಲ್ಲಿ ಬಿಚ್ಚಲಿ. ನಮ್ಮವರಿಬ್ಬರು ಗಂಡಸರು ಜೊತೆಗಿರ್ತಾರೆ, ವಾಚು ಮಾತ್ರ ಇಲ್ಲಿ ಪಟ್ಟಿ ಮೇಲೆ ಹೋಗಬೇಕು."

ಸಾಫೊಗೆ ಜೀವ ಬಂದಂತಾಯಿತು. ಕೋಣೆ, ಬಾಗಿಲು, ಮರೆ. ಅವನು ನಾನಾ ಕಡೆ ತಿರುಗುವಷ್ಟರಲ್ಲಿ ಬಾಫೋ ಬಾಯಿಹಾಕಿದ.

"ಆ ಇಬ್ಬರು ಏನು, ಬಾಳೆಗಿಡಗಳಾ? ಅವರೂ ಮಂದಿಯೇ ಅಲ್ವೇ? ಅವರ ಮುಂದೆ ಬಿಚ್ಚಿದ್ರೂ ಬಿಚ್ಚಿದ್ದೇ. ಆಮೇಲೆ ಗದ್ದಿಗೆಯ ಒಡವೆ ಇಲ್ಲಿ ಒಂಟಿಯಾಗಿ ಉರುಳಿಕೊಂಡು ಬರುತ್ತೆ, ಎಲ್ಲರೂ ನೋಡ್ತಾರೆ. ಕಟ್ಟಳೆ ಅಂದ್ರೆ ಕಟ್ಟಳೆ, ಸಾಫೊ. ನೀನೇ ತಾನೆ ಸಾರಿದ್ದು? ಎಷ್ಟು ಚೆನ್ನಾಗಿ ಸಾರಿದೆ ಆವತ್ತು!"

ಸಾರಿದ್ದು ತಾನೇ, ಹೌದು. ಆ ಮಾತು ಮಾತ್ರ ಊರಿಂದ ಆಕ್ರಾವರೆಗೆ ಸಾಫೊನ ಬೆನ್ನ ಮೇಲೆಯೇ ಕೂತು ಬಂದಿತ್ತು.

ಅವನು ನಾನಾ ಹತ್ತಿರ ಹೋಗಿ, ಬಾಫೋಗೆ ಕೇಳದಂತೆ, ಬಾಯಿಯಾಗಿ ಅಲ್ಲ, ತನಗಿಂತ ಚಿಕ್ಕವನೊಬ್ಬನಿಗೆ ದೊಡ್ಡವನು ಹೇಳುವ ಹಾಗೆ ಹೇಳಿದ. "ನಾನಾ, ನಾವು ನಿಂತಿರೋದು ಗಾಡಿಗೋಸ್ಕರ. ಈ ಗಡಿಯಾರ ಗದ್ದಿಗೆಯದಲ್ಲ, ಅಂಗಡಿಯಿಂದ ತಂದದ್ದು ಅಂತ ಈಗಲೇ ಹೇಳಿಬಿಡಿ. ಕಟ್ಟಳೆ ಅಲ್ಲಿಗೇ ಬಿತ್ತು. ಬಿಚ್ಚಿ, ಹೋಗೋಣ. ಊರು ಎರಡು ದಿನ ನಗುತ್ತೆ, ಮೂರನೇ ದಿನ ಆಂಬುಲೆನ್ಸ್ ನೋಡಿ ಮರೆಯುತ್ತೆ."

"ಹಾಗಂದ್ರೆ ಆ ಸೆರ್ವಾ ಮುದುಕಿ ಮತ್ತೆ ಕೇಳ್ತಾಳಲ್ಲ, ಎಲ್ಲಿಂದ ತಂದೆ ಅಂತ."

"ಕೇಳ್ಲಿ."

"ನಿನಗೇನು ಗೊತ್ತು ಸಾಫೊ, ಇದರ ತೂಕ."

"ಹಾಗಾದ್ರೆ ನನ್ನನ್ನ ಕಳಿಸಿ. ನೀವಿರಿ. ಕೋಲು ಹೋದ್ರೆ ಗದ್ದಿಗೆ ಹೋದ ಹಾಗೇ ಅಲ್ವಾ?"

ನಾನಾ ಅವನನ್ನು ಹುಚ್ಚನನ್ನು ನೋಡುವಂತೆ ನೋಡಿದರು. "ಫೋಟೊದಲ್ಲಿ ನೀನು ನಿಲ್ತೀಯಾ? ನಾನಿಲ್ಲದೆ ಬೀಗದ ಕೈ ಇಲ್ಲ. ನಾಳೆ ಹೋಗೋಣ. ನಾಳಿದ್ದು ಹೋಗೋಣ. ಕಾಯ್ತಾರೆ ಅವರು, ಅರಸನಿಗೆ ಕಾಯದೆ ಏನು."

ನಾಳೆಯ ವಿಮಾನದಲ್ಲಿ ಜಾಗವಿಲ್ಲ ಎಂದು ಕೆಳಗೆ ಟಿಕೆಟ್ಟು ನೋಡಿದವನು ಹೇಳಿದ್ದು ಸಾಫೊಗೆ ನೆನಪಿತ್ತು. ನಾಳಿದ್ದು ಶನಿವಾರ. ಕಾಯುವ ಮಂದಿಯಲ್ಲ ಅವರು. ಎರಡು ಸಲ ಕಾದವರು.

ಮೇಲಿನಿಂದ ಹೆಂಗಸಿನ ದನಿಯೊಂದು ಲಂಡನ್ ವಿಮಾನದ ಹೆಸರು ಹೇಳಿತು. ಉಳಿದವರು ಬೇಗ ಬರಬೇಕಂತೆ, ಬಾಗಿಲು ಹಾಕುತ್ತಾರಂತೆ.

"ಅಜ್ಜ, ನೀವಾದ್ರೂ ದಾಟಿ," ಎಂದಳು ಜೀಫಾ. "ನಿಮ್ಮ ಹತ್ತಿರ ಬಿಚ್ಚೋದೇನಿದೆ?"

ಏನೂ ಇರಲಿಲ್ಲ. ಚಪ್ಪಲಿ, ಜೇಬಿನ ಕನ್ನಡಕ, ಮೂರು ತುಂಡಾಗಿ ಬಿಚ್ಚಿ ಬಟ್ಟೆಯಲ್ಲಿ ಸುತ್ತಿದ್ದ ಕೋಲು. ಎಲ್ಲವನ್ನೂ ಟ್ರೇಯಲ್ಲಿಟ್ಟ. ಯಂತ್ರದ ಬಾಗಿಲಲ್ಲಿ ನಡೆದ. ಅದು ತುಟಿ ಬಿಚ್ಚಲಿಲ್ಲ. ಆಚೆ ಬದಿಯಲ್ಲಿ ಕೂತು ಕೋಲಿನ ತುಂಡುಗಳನ್ನು ಒಂದಕ್ಕೊಂದು ತಿರುಗಿಸಿ ಜೋಡಿಸಿದ; ತುದಿಯಲ್ಲಿ ಮರಿಗಳನ್ನು ರೆಕ್ಕೆಯಡಿ ಕೂರಿಸಿಕೊಂಡ ಚಿನ್ನದ ಲೇಪದ ಕೋಳಿ. ಎದ್ದುನಿಂತ.

ಈಗ ನಡುವೆ ಯಂತ್ರವಿತ್ತು. ಅರಸ ಆಚೆ, ಬಾಯಿ ಈಚೆ. ಪಿಸುಮಾತು ಅಷ್ಟು ದೂರ ಹಾರುವುದಿಲ್ಲ. ನಾನಾ ತುಟಿ ಅಲ್ಲಾಡುತ್ತಿತ್ತು. ಕೈಯಿಂದ ಹಿಂದಕ್ಕೆ ಬಾ ಎನ್ನುತ್ತಿದ್ದರು, ಬಟ್ಟೆ ಜಾರದ ಹಾಗೆ ಬಲಗೈಯಿಂದ. ಕೂಗುವುದು ಅರಸನಿಗೆ ಹೇಳಿಸಿದ್ದಲ್ಲ.

"ಏನಂತೆ?" ಎಂದಳು ಜೀಫಾ. "ದೊರೆ ಕೊನೇದಾಗಿ ಏನಂತಾರೆ? ಸಾಲು ನಿಂತಿದೆ ನನಗೆ."

ಸಾಲಿನವರು ನೋಡಿದರು. ಬೂಟು ಕಟ್ಟಿಕೊಳ್ಳುತ್ತಿದ್ದವರು ನೋಡಿದರು. ಎಫುವಾ ಓಲೆ ಹಾಕಿಕೊಳ್ಳುವುದನ್ನು ಅರ್ಧಕ್ಕೆ ನಿಲ್ಲಿಸಿ ನೋಡಿದಳು. ಮೂವತ್ತೊಂದು ವರ್ಷ ಸಾಫೊನ ನಾಲಿಗೆಯ ಮೇಲೆ ಪರರ ಮಾತು ಬಿಟ್ಟು ಬೇರೆ ಕೂತದ್ದಿಲ್ಲ. ಲಾರಿಯ ಮೇಲೆ ಹೆಂಡತಿ ಏನೋ ಕೇಳಿದಾಗಲೂ ಅವನಿಗೆ ತಕ್ಷಣ ಮಾತು ಸಿಕ್ಕಿರಲಿಲ್ಲ.

ಅವನು ಕೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದ.

"ಕೇಳಿ ಎಲ್ಲರೂ. ನಾನಾ ಹೇಳ್ತಾರೆ: ಗದ್ದಿಗೆ ಭಾರ, ಅದು ಕೂತಲ್ಲೇ ಚೆಂದ. ಮಾತು ಹಗುರ, ಅದು ಹಾರುತ್ತೆ. ನಾನಾ ಹೇಳ್ತಾರೆ: ನಾನು ಗಡಿಯಾರ ಕಾಯ್ತಾ ಇಲ್ಲಿರ್ತೀನಿ, ನನ್ನ ಬಾಯಿ ಹೋಗಲಿ. ಶನಿವಾರ ನನ್ನ ಕೋಲು ಅಲ್ಲಿ ನಿಲ್ಲಲಿ, ಬೀಗದ ಕೈ ಅದನ್ನು ಹಿಡಿದ ಕೈಗೆ ಕೊಡಲಿ. ಹೋಗು ಸಾಫೊ, ತಡಮಾಡಬೇಡ ಅಂತಾರೆ ನಾನಾ. ಇದು ಅಬೆನಾಸೊ ಅರಸರ ಮಾತು."

"ಭೇಷ್!" ಎಂದಳು ಎಫುವಾ. "ಈಗ ಅರಸನ ಹಾಗೆ ಮಾತಾಡ್ದ ನೋಡಿ. ಅರಸ ಅಂದ್ರೆ ಹೀಗಿರಬೇಕು." ಸಾಲಿನಲ್ಲಿ ಯಾರೋ ಚಪ್ಪಾಳೆ ಹೊಡೆದರು. ಇನ್ನೂ ನಾಲ್ಕು ಜನ ಹೊಡೆದರು.

ನಾನಾ ಬಾಯಿ ತೆರೆಯಿತು. ಮಧ್ಯಾಹ್ನದಿಂದ ಜೀಫಾಳ ಜೊತೆ ಒಂದು ಮಾತು ನೇರವಾಗಿ ಆಡದವರು ಈಗ ಒಣಮೀನಿನವಳ ಮುಂದೆ, ಚಪ್ಪಾಳೆಯ ಮುಂದೆ, ಗಂಟಲೆತ್ತಿ 'ನಾನು ಹಾಗನ್ನಲಿಲ್ಲ' ಎನ್ನಬೇಕಿತ್ತು. ಬಾಯಿ ಹಾಗೆಯೇ ಸ್ವಲ್ಪ ಹೊತ್ತು ತೆರೆದಿತ್ತು. ಆಮೇಲೆ ಮುಚ್ಚಿತು. ಚಪ್ಪಾಳೆ ನಿಲ್ಲದ್ದರಿಂದ ಅವರು ಒಂದಿಷ್ಟು ತಲೆಯಾಡಿಸಲೂ ಬೇಕಾಯಿತು.

ಬಾಫೋಗೆ ಎಲ್ಲ ಅರ್ಥವಾಗಿತ್ತು. ನಾನಾ ಸೋತರೆಂದು ಅವನ ಮುಖದಲ್ಲಿ ಹಬ್ಬ ಹುಟ್ಟಿ, ಗಡಿಯಾರ ಇನ್ನೂ ಅವರ ಕೈಯಲ್ಲೇ ಇದೆಯೆಂದು ಕ್ಷಣದಲ್ಲೇ ಬಾಡಿತು. ಸಾಫೊ ಅದನ್ನು ನೋಡಿ ಇನ್ನೊಂದು ಸಲ ಕೋಲು ಕುಟ್ಟಿದ. ಒಂದು ಸಲ ದಾಟಿದ ಬೇಲಿ ಎರಡನೆಯ ಸಲಕ್ಕೆ ಅಷ್ಟು ಎತ್ತರ ಕಾಣಲಿಲ್ಲ.

"ನಾನಾ ಇನ್ನೂ ಒಂದು ಮಾತು ಹೇಳ್ತಾರೆ: ಬಾಫೋ, ನಿನಗೂ ಟಿಕೆಟ್ಟಿದೆ. ಬರೋ ಹಾಗಿದ್ರೆ ಬಾ."

ಬಾಫೋ ಯಂತ್ರದ ಬಾಗಿಲು ನೋಡಿದ. ಆಚೆ ಲಂಡನ್ನಿತ್ತು, ಹೊಸ ಕೋಟು ಹೊಲಿಸಿದ್ದ. ತಿರುಗಿ ನಾನಾ ಎಡಗೈಯ ಬಟ್ಟೆ ನೋಡಿದ. ತಾನು ಆಚೆ ಹೋದ ಗಳಿಗೆಯಲ್ಲೇ ಇಲ್ಲಿ ಗಡಿಯಾರ ಕಳಚಿ ಟ್ರೇಗೆ ಬೀಳುತ್ತದೆ, ನೋಡಿ ಹೇಳುವವರು ಯಾರೂ ಇರುವುದಿಲ್ಲ.

"ಛೆ ಛೆ," ಎಂದ. "ನಾನಾ ಒಬ್ಬರನ್ನೇ ಬಿಟ್ಟು ಹೋಗೋದಾ? ಈ ಧೂಳಿನಲ್ಲಿ? ನಾನು ಅವರ ಪಕ್ಕ ಬಿಟ್ಟು ಕದಲೋದಿಲ್ಲ."

"ನೀನು ಹೋಗೋ," ಎಂದರು ನಾನಾ. ಆ ದಿನ ಅವರ ಬಾಯಿಂದ ನೇರವಾಗಿ, ಜೋರಾಗಿ ಬಂದ ಮಾತು ಅದೊಂದೇ. ಸಾಲಿನವರಿಗೂ ಕೇಳಿಸಿತು.

"ಇಲ್ಲ ನಾನಾ. ಪ್ರಾಣ ಹೋದ್ರೂ ಇಲ್ಲ."

ಜೀಫಾ ಇಬ್ಬರನ್ನೂ ಪಕ್ಕದ ಕಬ್ಬಿಣದ ಬೆಂಚು ತೋರಿಸಿ ಕೂರಿಸಿದಳು. ಇನ್ನೊಬ್ಬನ ಬೂಟು ಟ್ರೇಗೆ ಬಿತ್ತು, ಪಟ್ಟಿ ಉರುಳಿತು. ಸಾಫೊ ನಾನಾ ಪಾದುಕೆಯನ್ನು ಈಚೆಯ ಟ್ರೇಯಿಂದ ಎತ್ತಿ, ಎರಡೂ ಕೈಯಿಂದ ಅವಳಿಗೆ ಕೊಟ್ಟು, ಅವರ ಕಾಲಿನ ಹತ್ತಿರ ಇಡಬೇಕೆಂದು ಕೇಳಿಕೊಂಡ. ಅವಳು ಎರಡೂ ಕೈಯಿಂದ ತೆಗೆದುಕೊಂಡಳು.

"ಅಜ್ಜ," ಎಂದಳು ದನಿ ತಗ್ಗಿಸಿ, "ನಾನು ಪಕ್ಕದಲ್ಲೇ ಇದ್ದೆ. ದೊರೆ ಇದನ್ನೆಲ್ಲ ಯಾವಾಗ ಹೇಳಿದ್ರು?"

"ನೀನು ಯಂತ್ರ ನೋಡ್ತಿದ್ದೆ ಮಗಳೇ."

"ಊರಿಗೆ ಹೋದ್ಮೇಲೆ ನಿಮಗೆ ಏನು ಮಾಡ್ತಾರೆ?"

"ಕೋಲು ತಗೊಳ್ತಾರೆ. ಕುರಿ ಕೇಳ್ತಾರೆ. ಕುರಿ ಇದೆ ನನ್ನ ಹತ್ತಿರ."

ಅವಳು ವಿಮಾನ ಹತ್ತುವ ಬಾಗಿಲಿನ ಸಂಖ್ಯೆ ಹೇಳಿದಳು. ಅಂಕೆ ಗುರುತು ಹಿಡಿಯಲು ಅವನಿಗೆ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಎಫುವಾ ಅವನ ಚೀಲ ತಾನೇ ಎತ್ತಿಕೊಂಡು, "ಬನ್ನಿ ಅಜ್ಜ, ನಡೀರಿ, ನನ್ನ ಮೀನಿನ ವಾಸನೆ ಹಿಡಿದು ಬಂದ್ರೆ ದಾರಿ ತಪ್ಪೋದಿಲ್ಲ," ಎಂದು ಮುಂದೆ ನಡೆದಳು. ತಿರುವಿನಲ್ಲಿ ಸಾಫೊ ಒಮ್ಮೆ ಹಿಂದೆ ನೋಡಿದ. ಬೆಂಚಿನ ಮೇಲೆ ಇಬ್ಬರೂ ಅಕ್ಕಪಕ್ಕ ಕೂತಿದ್ದರು, ಒಬ್ಬರು ಬಟ್ಟೆಯನ್ನು ಬಿಗಿಯಾಗಿ ಹಿಡಿದು, ಇನ್ನೊಬ್ಬ ಆ ಬಟ್ಟೆಯಿಂದ ಕಣ್ಣು ಕೀಳದೆ.

ವಿಮಾನ ಆರೂಕಾಲಿಗೆ ಧೂಳಿನೊಳಗೆ ಎದ್ದಿತು. ಅಬೆನಾಸೊ ಊರಿನ ಪರವಾಗಿ ಲಂಡನ್ನಿಗೆ ಹೊರಟವನು ಸಾಫೊ ಒಬ್ಬನೇ. ಆವತ್ತು ಗುರುವಾರ.